ಸೂಟ್‌ಕೇಸಿನೊಳಗೆ ವೈನ್ ಬಾಟಲಿ: ಅಲುಗಾಡದಂತೆ ಕಟ್ಟುವುದು ಹೇಗೆ?

ಮೊದಲ ಸಲ ನಾನು ಸೂಟ್‌ಕೇಸಿನಲ್ಲಿ ವೈನ್ ಇಟ್ಟು ವಿಮಾನ ಹತ್ತಿದಾಗ ಎರಡು ಬಾಟಲಿ ಇದ್ದವು. ದಪ್ಪ ಟವೆಲಿನಲ್ಲೇ ಸುತ್ತಿದ್ದೆ. ಆದರೆ ಎರಡನ್ನೂ ಒಂದೇ ಟವೆಲಿನಲ್ಲಿ, ಒಂದಕ್ಕೊಂದು ತಾಗುವ ಹಾಗೆ ಸುತ್ತಿಬಿಟ್ಟಿದ್ದೆ. ಇಳಿದು ಬೆಲ್ಟ್ ಹತ್ತಿರ ನಿಂತಿದ್ದಾಗ ಸೂಟ್‌ಕೇಸಿನ ಮೂಲೆಯಿಂದ ಕೆಂಪಗೆ ತೊಟ್ಟಿಕ್ಕುವುದು ಕಾಣಿಸಿತು. ಒಂದು ಬಾಟಲಿ ಇನ್ನೊಂದಕ್ಕೆ ಬಡಿದು ಒಡೆದಿತ್ತು. ಬಟ್ಟೆ ಹಾಳಾದದ್ದಕ್ಕಿಂತ, ಯಾರಿಗೆ ಕೊಡಬೇಕು ಅಂತ ಅಷ್ಟು ದೂರದಿಂದ ತಂದೆನೋ ಅವರಿಗೆ ಕೊಡಲಾಗಲಿಲ್ಲ ಅನ್ನುವುದೇ ಜಾಸ್ತಿ ಬೇಜಾರಾಯಿತು. ಆಮೇಲೆ ಕಲಿತು, ಕಟ್ಟಿ, ತಂದ ಬಾಟಲಿಗಳು ಬಹಳ. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಭಯ ಬಿಡಿ. ಎತ್ತರಕ್ಕೆ ಹೋದಾಗ ಕಾರ್ಕ್ ಹಾರಿಹೋಗುತ್ತದೆ, ಬಾಟಲಿ ಸಿಡಿಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಪ್ರಯಾಣಿಕರ ವಿಮಾನದಲ್ಲಿ ನಾವು ಕೂರುವ ಜಾಗಕ್ಕೂ ಕೆಳಗೆ ಲಗೇಜ್ ಇಡುವ ಜಾಗಕ್ಕೂ ಗಾಳಿಯ ಒತ್ತಡ ಒಂದೇ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ. ಅಂದರೆ ಸಮುದ್ರ ಮಟ್ಟದ ಒತ್ತಡದಲ್ಲಿ ಹೆಚ್ಚೆಂದರೆ ಕಾಲು ಭಾಗ ಕಡಿಮೆ. ಶಾಂಪೇನ್ ಬಾಟಲಿಯ ಒಳಗೆ ಹೊರಗಿನ ಗಾಳಿಯ ಐದಾರು ಪಟ್ಟು ಒತ್ತಡ ಯಾವಾಗಲೂ ಇರುತ್ತದೆ, ಅದನ್ನು ದಪ್ಪ ಗಾಜು ಮತ್ತು ಕಾರ್ಕಿನ ಮೇಲಿನ ತಂತಿ ತಡೆದುಕೊಂಡೇ ಇರುತ್ತವೆ. ಅದಕ್ಕೆ ಈ ಕಾಲು ಭಾಗ ದೊಡ್ಡದಲ್ಲ. ಚಳಿಗೂ ಅಷ್ಟೊಂದು ಹೆದರಬೇಕಿಲ್ಲ. ಸಾಮಾನ್ಯ ವೈನ್ ಹೆಪ್ಪುಗಟ್ಟಲು ಸೊನ್ನೆಗಿಂತ ಐದು ಡಿಗ್ರಿ ಕೆಳಗಾದರೂ ಹೋಗಬೇಕು.

ಹಾಗಾದರೆ ಒಡೆಯುವುದು ಯಾಕೆ? ನೆಲದ ಮೇಲೆ ಬೀಳುವ ಪೆಟ್ಟಿನಿಂದ. ಸೂಟ್‌ಕೇಸ್ ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಉರುಳುತ್ತದೆ, ಇಳಿಜಾರಿನಲ್ಲಿ ಜಾರಿ ಬರುತ್ತದೆ, ಗಾಡಿಗೆ ಎಸೆಯಲ್ಪಡುತ್ತದೆ, ಅದರ ಮೇಲೆ ಇನ್ನೂ ನಾಲ್ಕು ಸೂಟ್‌ಕೇಸ್ ಬೀಳುತ್ತವೆ. ಸುತ್ತಲೂ ಸಮನಾಗಿ ಅದುಮಿದರೆ ಗಾಜು ತಡೆಯುತ್ತದೆ. ಒಂದೇ ಚುಕ್ಕೆಯ ಮೇಲೆ ಗಟ್ಟಿ ವಸ್ತು ಬಡಿದರೆ ತಡೆಯುವುದಿಲ್ಲ. ಆದ್ದರಿಂದ ನಮ್ಮ ಕೆಲಸ ಎರಡೇ: ಬಾಟಲಿ ಇಟ್ಟ ಜಾಗದಿಂದ ಅಲುಗಾಡಬಾರದು, ಮತ್ತು ಅದಕ್ಕೆ ಗಟ್ಟಿಯಾದ ಯಾವುದೂ ತಾಗಬಾರದು.

ಕಟ್ಟುವ ಮೊದಲು

ತೂಕ ನೋಡಿಕೊಳ್ಳಿ. 750 ಮಿ.ಲೀ. ವೈನ್ ತುಂಬಿದ ಬಾಟಲಿ ಸುಮಾರು 1.2ರಿಂದ 1.5 ಕೆಜಿ ಇರುತ್ತದೆ, ಶಾಂಪೇನಿನದು ಇನ್ನೂ ಜಾಸ್ತಿ, 1.6 ಕೆಜಿ ಆಸುಪಾಸು. ಆರು ಬಾಟಲಿ ಅಂದರೆ ಎಂಟು ಕೆಜಿ ಹೋಯಿತು. ಎಷ್ಟೋ ಟಿಕೆಟ್‌ಗಳಲ್ಲಿ ಒಂದು ಸೂಟ್‌ಕೇಸಿಗೆ 23 ಕೆಜಿ ಮಿತಿ. ದುಡ್ಡು ಕಟ್ಟಿ ಜಾಸ್ತಿ ಒಯ್ಯಬಹುದು ನಿಜ, ಆದರೆ ಸೂಟ್‌ಕೇಸ್ ಭಾರವಾದಷ್ಟೂ ಬಿದ್ದಾಗ ಪೆಟ್ಟೂ ಜೋರು. ಬಟ್ಟೆಯ ಜೊತೆ ಇಡುವುದಾದರೆ ಮೂರು, ಹೆಚ್ಚೆಂದರೆ ನಾಲ್ಕು ಬಾಟಲಿ ಸಾಕು ಅನ್ನುವುದು ನನ್ನ ಅನುಭವ.

ನಿಯಮಗಳಲ್ಲಿ ಎರಡು ಬೇರೆ ಬೇರೆ ಇವೆ, ಒಂದನ್ನು ನೋಡಿ ಇನ್ನೊಂದನ್ನು ಮರೆಯಬೇಡಿ. ವಿಮಾನದ ಸುರಕ್ಷತೆಯ ನಿಯಮದಲ್ಲಿ ಶೇ 24ರವರೆಗೆ ಆಲ್ಕೋಹಾಲ್ ಇರುವ ಪಾನೀಯಕ್ಕೆ ಪ್ರಮಾಣದ ಮಿತಿ ಇಲ್ಲ. ವೈನ್ ಸಾಮಾನ್ಯವಾಗಿ ಶೇ 11ರಿಂದ 15, ಪೋರ್ಟ್ ಅನ್ನುವ ಸಿಹಿ, ಗಟ್ಟಿ ವೈನ್ ಶೇ 20ರ ಹತ್ತಿರ, ಹಾಗಾಗಿ ಎಲ್ಲವೂ ಇದರೊಳಗೇ ಬರುತ್ತವೆ. ಶೇ 24ರಿಂದ 70ರವರೆಗಿನದಾದರೆ ಒಬ್ಬರಿಗೆ 5 ಲೀಟರ್, ಅದೂ ಅಂಗಡಿಯ ಮೂಲ ಪ್ಯಾಕಿನಲ್ಲೇ ಇರಬೇಕು. ಶೇ 70 ದಾಟಿದ್ದನ್ನು ಒಯ್ಯುವಂತೆಯೇ ಇಲ್ಲ. ಇನ್ನೊಂದು ಕಸ್ಟಮ್ಸ್ ನಿಯಮ, ಅದು ದೇಶದಿಂದ ದೇಶಕ್ಕೆ ಬೇರೆ. ಎಷ್ಟು ಲೀಟರಿಗೆ ಸುಂಕವಿಲ್ಲ, ಎಷ್ಟು ವಯಸ್ಸಾಗಿರಬೇಕು ಅನ್ನುವುದನ್ನು ಇಳಿಯುವ ದೇಶದ ಕಸ್ಟಮ್ಸ್ ವೆಬ್‌ಸೈಟಿನಲ್ಲೇ ನೋಡಿ. ಕುವೈತ್‌ನಂಥ ಕಡೆ ಒಂದು ಬಾಟಲಿಯನ್ನೂ ತರುವಂತಿಲ್ಲ. ಬಿಲ್ ಇದ್ದರೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಸುತ್ತುವುದು

ಇಲ್ಲಿ ಅವಸರ ಮಾಡಬೇಡಿ, ಒಂದು ಬಾಟಲಿಗೆ ಐದು ನಿಮಿಷ ಕೊಡಿ. ಕಾರ್ಕ್ ಒಳಗೆ ಪೂರ್ತಿ ಇಳಿದಿರುವ ಬಾಟಲಿಗೆ ಏನೂ ಬೇಡ. ಕೈಯಲ್ಲೇ ತೆಗೆಯಬಹುದಾದ ಬಿರಡೆ ಇದ್ದರೆ ಅದರ ಮೇಲಿಂದ ಕತ್ತಿನವರೆಗೆ ಟೇಪ್ ಅಂಟಿಸಿ. ತಿರುಪಿನ ಮುಚ್ಚಳವಾದರೆ ಅದರ ಅಂಚಿಗೆ ಪೆಟ್ಟು ಬಿದ್ದು ನೆಗ್ಗಿದರೂ ಸಾಕು, ಸೋರಲು ಶುರುವಾಗುತ್ತದೆ, ಹಾಗಾಗಿ ತುದಿಗೆ ಮೆತ್ತೆ ಬೇಕೇ ಬೇಕು. ಅರ್ಧ ಕುಡಿದು ಮತ್ತೆ ಮುಚ್ಚಿದ ಬಾಟಲಿಯನ್ನು ದಯವಿಟ್ಟು ಒಯ್ಯಬೇಡಿ.

ಈಗ ಬಾಟಲಿಯ ಆಕಾರ ನೋಡಿ. ಹೊಟ್ಟೆ ದಪ್ಪ, ಕತ್ತು ಸಪೂರ. ಸುಮ್ನೆ ಬಬಲ್ ರ‍್ಯಾಪ್ ಸುತ್ತಿದರೆ ಹೊಟ್ಟೆಗೆ ಬಿಗಿಯಾಗುತ್ತದೆ, ಕತ್ತಿನ ಸುತ್ತ ಖಾಲಿ ಜಾಗ ಉಳಿಯುತ್ತದೆ, ಮೇಲಿನಿಂದ ಭಾರ ಬಿದ್ದಾಗ ಆ ಖಾಲಿ ಜಾಗದಲ್ಲೇ ಕತ್ತು ಮುರಿಯುತ್ತದೆ. ಅದಕ್ಕೇ ಮೊದಲು ಕತ್ತಿಗೆ ಒಂದು ಜೋಡಿ ದಪ್ಪ ಸಾಕ್ಸ್ ಅಥವಾ ಬಬಲ್ ರ‍್ಯಾಪಿನ ಪಟ್ಟಿ ಸುತ್ತಿ, ಹೊಟ್ಟೆಯಷ್ಟೇ ದಪ್ಪ ಮಾಡಿ. ಇಡೀ ಬಾಟಲಿ ಮೇಲಿಂದ ಕೆಳಗೆ ಒಂದೇ ಅಳತೆಯ ಕೊಳವೆಯ ಹಾಗೆ ಕಾಣಬೇಕು. ಆಮೇಲೆ ಪೂರ್ತಿ ಬಾಟಲಿಗೆ ಬಬಲ್ ರ‍್ಯಾಪಿನ ಮೂರು ಸುತ್ತು. ತಳದಲ್ಲೂ ತುದಿಯಲ್ಲೂ ನಾಲ್ಕು ಬೆರಳು ಜಾಸ್ತಿ ಬಿಟ್ಟು ಒಳಕ್ಕೆ ಮಡಚಿ ಟೇಪ್ ಹಾಕಿ. ತಳ ಗಟ್ಟಿ ಇರುತ್ತದೆ ಅಂತ ಬಿಟ್ಟುಬಿಡುವವರೇ ಜಾಸ್ತಿ, ಸೂಟ್‌ಕೇಸ್ ನೆಟ್ಟಗೆ ಬಿದ್ದಾಗ ಪೆಟ್ಟು ಬೀಳುವುದು ಅಲ್ಲಿಗೇ ಅಲ್ವಾ?

ಇದಾದ ಮೇಲೆ ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಕವರ್. ಕೆಲವರು ಬಾಟಲಿಯನ್ನು ಮೊದಲು ಕವರಿಗೆ ಹಾಕಿ ಆಮೇಲೆ ಸುತ್ತುತ್ತಾರೆ. ಅದು ಸರಿಯಲ್ಲ. ಒಡೆದರೆ ಗಾಜಿನ ಚೂರು ಕವರನ್ನೇ ಕೊಯ್ಯುತ್ತದೆ. ಸುತ್ತಿದ್ದು ಒಳಗೆ, ಕವರ್ ಹೊರಗೆ ಇದ್ದರೆ ಚೂರು ಬಬಲ್ ರ‍್ಯಾಪಿನಲ್ಲೇ ಸಿಕ್ಕಿಕೊಳ್ಳುತ್ತದೆ, ವೈನ್ ಕವರಿನಲ್ಲೇ ನಿಲ್ಲುತ್ತದೆ. ಒಳಗೆ ಮಗುವಿನ ಒಂದು ಡೈಪರ್ ಇಟ್ಟರೆ ಇನ್ನೂ ಒಳ್ಳೆಯದು, ಸೋರಿದ್ದನ್ನು ಅದು ಹೀರಿಕೊಳ್ಳುತ್ತದೆ. ಕವರ್ ಮುಚ್ಚುವಾಗ ಗಾಳಿಯನ್ನೆಲ್ಲ ಒತ್ತಿ ತೆಗೆಯಿರಿ. ಒಳಗೆ ಉಳಿದ ಗಾಳಿ ಮೇಲೆ ಹೋದಾಗ ಮೂರನೇ ಒಂದು ಭಾಗದಷ್ಟು ಉಬ್ಬಬಹುದು, ಜಿಪ್ ಬಿಟ್ಟುಕೊಳ್ಳುವುದು ಆಗಲೇ. ಆಗುವುದಾದರೆ ಎರಡನೇ ಕವರ್ ಕೂಡ ಹಾಕಿ.

ರೆಡಿಮೇಡ್ ಚೀಲಗಳೂ ಸಿಗುತ್ತವೆ. ಗಾಳಿ ತುಂಬುವ ಕೊಳವೆಗಳಿರುವ ಚೀಲ ಹಗುರ, ಒಂದು ಕೊಳವೆ ತೂತಾದರೂ ಉಳಿದವು ಕಾಯುತ್ತವೆ. ಬಿರುಸಾಗುವಷ್ಟು ಗಾಳಿ ತುಂಬಬೇಡಿ, ಉಬ್ಬಲು ಸ್ವಲ್ಪ ಜಾಗ ಬಿಡಿ. ನಾಲ್ಕು ಬಾಟಲಿ ದಾಟಿದರೆ ಬಟ್ಟೆಯನ್ನು ನಂಬಬೇಡಿ. ಬಾಟಲಿ ಆಕಾರದ ಗುಳಿಗಳಿರುವ ಥರ್ಮೋಕೋಲ್ ಪೆಟ್ಟಿಗೆ, ಅದರ ಹೊರಗೆ ದಪ್ಪ ರಟ್ಟಿನ ಡಬ್ಬ, ಅದೇ ಸರಿ.

ಇಡುವುದು

ಗಟ್ಟಿ ಚಿಪ್ಪಿನ ಸೂಟ್‌ಕೇಸ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಎಳೆಯುವ ಹಿಡಿಕೆಯ ಸರಳುಗಳು ಒಳಗೆ ಉಬ್ಬಿಕೊಂಡಿರುತ್ತವೆ, ಕೈ ಹಾಕಿ ಮುಟ್ಟಿ ನೋಡಿ. ಆ ಉಬ್ಬು ಮತ್ತು ಚಕ್ರಗಳ ಗೂಡು ಈ ಎರಡರ ಹತ್ತಿರ ಬಾಟಲಿ ಬರಲೇಬಾರದು. ಕೆಳಗೆ ಸ್ವೆಟರ್, ಜೀನ್ಸ್ ಥರದ ದಪ್ಪ ಬಟ್ಟೆ ಹಾಸಿ, ಅದುಮಿದ ಮೇಲೂ ನಾಲ್ಕೈದು ಸೆಂಟಿಮೀಟರ್ ದಪ್ಪ ಉಳಿಯಬೇಕು. ಬಾಟಲಿಗಳು ನಟ್ಟನಡುವೆ. ಒಂದರ ಕತ್ತು ಆ ಕಡೆ, ಇನ್ನೊಂದರ ಕತ್ತು ಈ ಕಡೆ, ನಡುವೆ ಮಡಚಿದ ಪ್ಯಾಂಟು. ಸುತ್ತಲೂ, ಮೇಲೂ ಅಷ್ಟೇ ಬಟ್ಟೆ. ಶೂ, ಚಾರ್ಜರ್, ಶಾಂಪೂ ಡಬ್ಬಿಗಳೆಲ್ಲ ಬಾಟಲಿಯಿಂದ ದೂರ, ಆಗುವುದಾದರೆ ಬೇರೆ ಚೀಲದಲ್ಲಿ. ಬಾಟಲಿಯ ಪಕ್ಕ ಬಣ್ಣ ಹತ್ತಿದರೂ ಬೇಜಾರಾಗದ ಗಾಢ ಬಟ್ಟೆಗಳನ್ನೇ ಇಡಿ. ಉಳಿದ ಸಂದಿಗಳಿಗೆಲ್ಲ ಸಾಕ್ಸ್, ಟೀ ಶರ್ಟ್ ತುರುಕಿ.

ಜಿಪ್ ಎಳೆದ ಮೇಲೆ ಸೂಟ್‌ಕೇಸನ್ನು ಎತ್ತಿ ಎಡಕ್ಕೆ ಬಲಕ್ಕೆ ಅಲುಗಾಡಿಸಿ, ತಲೆಕೆಳಗು ಮಾಡಿ. ಒಳಗೆ ಏನೋ ಸರಿದ ಹಾಗೆ ಕೈಗೆ ಅನ್ನಿಸಿದರೂ ಸಾಕು, ಮತ್ತೆ ಬಿಚ್ಚಿ, ಇನ್ನಷ್ಟು ತುಂಬಿ. ಇದನ್ನು ನಾನು ಒಮ್ಮೆಯೂ ತಪ್ಪಿಸುವುದಿಲ್ಲ.

ಭದ್ರತಾ ಸಿಬ್ಬಂದಿ ಸೂಟ್‌ಕೇಸ್ ತೆರೆದು ನೋಡಬಹುದು. ಹಾಗಾಗಿ ಬಾಟಲಿಯನ್ನು ಹತ್ತು ಬಟ್ಟೆಗಳಿಗೆ ಸೇರಿಸಿ ಟೇಪಿನಲ್ಲಿ ಬಿಗಿಯಬೇಡಿ. ಒಂದೊಂದೂ ಬೇರೆ ಬೇರೆ ಕಟ್ಟಾಗಿ, ಪಾರದರ್ಶಕ ಕವರಿನಲ್ಲಿ ಇದ್ದರೆ ತೆಗೆದವರಿಗೆ ಹಾಗೇ ತಿರುಗಿ ಇಡುವುದು ಸುಲಭ. ಒಡೆಯುವ ವಸ್ತು ಅನ್ನುವ ಸ್ಟಿಕರ್ ಕೇಳಿ ಅಂಟಿಸಿಕೊಳ್ಳಿ, ಆದರೆ ಅದನ್ನು ನೆಚ್ಚಿಕೊಂಡು ಒಂದು ಸುತ್ತೂ ಕಡಿಮೆ ಮಾಡಬೇಡಿ.

ನಡುವೆ ವಿಮಾನ ಬದಲಿಸುವವರಿಗೆ ಒಂದು ಮಾತು. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯ ಸೀಲ್ ಮಾಡಿದ ಚೀಲವನ್ನು ದಾರಿಯಲ್ಲಿ ತೆರೆಯಬೇಡಿ. ನಡುವಿನ ಊರಿನಲ್ಲಿ ಲಗೇಜ್ ಕೈಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕಾದರೆ, ಆ ಬಾಟಲಿಯನ್ನೂ ಸೂಟ್‌ಕೇಸಿಗೇ ಹಾಕುವುದು ಒಳ್ಳೆಯದು, ಇಲ್ಲವಾದರೆ ಮುಂದಿನ ತಪಾಸಣೆಯಲ್ಲಿ, ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ಬಾಟಲಿಯ ದ್ರವ ಒಯ್ಯುವಂತಿಲ್ಲ ಅನ್ನುವ ನಿಯಮ ಹೇಳಿ ಕಿತ್ತುಕೊಳ್ಳಬಹುದು. ಅದಕ್ಕೆಂದೇ ಒಂದು ಬಾಟಲಿಯ ಜಾಗ ಮತ್ತು ಒಂದು ಖಾಲಿ ಚೀಲ ಮೊದಲೇ ಇಟ್ಟುಕೊಂಡಿರಿ.

ಇಳಿದ ಮೇಲೆ

ಸೂಟ್‌ಕೇಸ್ ಒದ್ದೆಯಾಗಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಫೋಟೊ ತೆಗೆದು ವಿಮಾನ ಸಂಸ್ಥೆಯ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ಬಗ್ಗೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಆದರೆ ಒಡೆಯುವ ವಸ್ತುವಿಗೆ ನಾವು ಹೊಣೆಯಲ್ಲ ಅಂತ ಎಷ್ಟೋ ಸಂಸ್ಥೆಗಳು ಷರತ್ತಿನಲ್ಲೇ ಬರೆದಿರುತ್ತವೆ, ಸೂಟ್‌ಕೇಸ್ ಒಡೆದಿದ್ದರೆ ಅದನ್ನು ಬೇರೆಯಾಗಿ ಬರೆಸಿ. ಒಳಗೆ ಬರಿಗೈ ಹಾಕಿ ತಡಕಾಡಬೇಡಿ.

ಎಲ್ಲ ಸರಿಯಾಗಿ ಬಂದಿದ್ದರೆ ಬಾಟಲಿಗಳನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡದೆ ಬೇಗ ತಂಪು ಜಾಗಕ್ಕೆ ಸೇರಿಸಿ. ಶಾಂಪೇನನ್ನು ಅವತ್ತೇ ತೆರೆಯಬೇಡಿ, ಕುಲುಕಿದ ಬಾಟಲಿ ಅರ್ಧ ನೊರೆಯಾಗಿಯೇ ಚೆಲ್ಲುತ್ತದೆ, ಒಂದು ದಿನ ಫ್ರಿಜ್‌ನಲ್ಲಿ ಸುಮ್ಮನೆ ಇರಲಿ. ಹಳೆಯ ಕೆಂಪು ವೈನಾದರೆ ತಳದ ಗಸಿ ದಾರಿಯಲ್ಲಿ ಪೂರ್ತಿ ಕದಡಿರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿ, ಒಂದೆರಡು ವಾರ ಮುಟ್ಟದೆ ಬಿಟ್ಟು, ಗಸಿ ಮತ್ತೆ ತಳಕ್ಕೆ ಇಳಿದ ಮೇಲೆ ತೆರೆಯಿರಿ.