ತಂತ್ರಾಂಶ ಕೊಳ್ಳುವ ಮೊದಲು ‘ಮಾರಾಟ’ ಎಂದರೇನೆಂದು ಬರೆದಿಡಿ

ಭಿವಂಡಿಯ ಗೋದಾಮಿನಿಂದ ಮುಂಬಯಿಯ ಹೋಟೆಲುಗಳಿಗೆ ದಿನಸಿ ಪೂರೈಸುವ ಸಂಸ್ಥೆಯೊಂದರಲ್ಲಿ ನಾನು ಬಿಸಿನೆಸ್ ಇಂಟೆಲಿಜೆನ್ಸ್ ಯೋಜನೆಯ, ಅಂದರೆ ವ್ಯವಹಾರದ ದಾಖಲೆಗಳಿಂದ ತೀರ್ಮಾನಕ್ಕೆ ನೆರವಾಗುವ ವರದಿಗಳನ್ನು ತಂತ್ರಾಂಶದಿಂದ ಪಡೆಯುವ ಕೆಲಸದ, ಹೊಣೆ ಹೊತ್ತಿದ್ದಾಗ, ಮೊದಲ ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಅಂಶಗಳನ್ನು ಒಂದೇ ಪರದೆಯಲ್ಲಿ ತೋರಿಸುವ ವರದಿ) ತೋರಿಸಿದ ದಿನವೇ ಅದರ ಮೇಲಿನ ನಂಬಿಕೆ ಹೋಯಿತು. ಮಾರ್ಚ್ ತಿಂಗಳ ಮಾರಾಟವನ್ನು ಮಾರಾಟ ವಿಭಾಗದವರು ಆರ್ಡರಿನ ದಿನಾಂಕದಿಂದಲೂ, ಗೋದಾಮಿನವರು ಸರಕು ಹೊರಟ ದಿನದಿಂದಲೂ, ಲೆಕ್ಕಪತ್ರದವರು ಬಿಲ್ಲಿನ ದಿನಾಂಕದಿಂದಲೂ ಎಣಿಸುತ್ತಿದ್ದರು. ಮಾಟುಂಗದ ಹೋಟೆಲೊಂದು ಮಾರ್ಚ್ 31ರ ಸಂಜೆ ಹೇಳಿದ ಅಕ್ಕಿ ಏಪ್ರಿಲ್ 2ರಂದು ಬಿಲ್ಲಾಗಿ ಲಾರಿ ಏರಿದರೆ, ಒಬ್ಬರಿಗೆ ಅದು ಹಳೆಯ ಆರ್ಥಿಕ ವರ್ಷದ ವ್ಯಾಪಾರ, ಉಳಿದಿಬ್ಬರಿಗೆ ಹೊಸ ವರ್ಷದ್ದು. ಯಾರ ಲೆಕ್ಕವೂ ಸುಳ್ಳಲ್ಲ. ಯಾವುದನ್ನು ‘ಮಾರಾಟ’ ಎನ್ನಬೇಕೆಂದು ಮೊದಲೇ ಗೊತ್ತುಪಡಿಸಿರಲಿಲ್ಲ, ಅಷ್ಟೇ.

ಆದ್ದರಿಂದ ಯಾರು, ಯಾವ ದಿನ, ಏನನ್ನು ತೀರ್ಮಾನಿಸಬೇಕು ಎಂಬಲ್ಲಿಂದ ಆರಂಭಿಸಿ. ‘ವ್ಯವಹಾರದ ಸಮಗ್ರ ಚಿತ್ರ ಬೇಕು’ ಎಂಬ ಬೇಡಿಕೆಯಿಂದ ಕೆಲಸ ಸಾಗುವುದಿಲ್ಲ. ‘ಯಾವ ಹೋಟೆಲಿಗೆ ಉದ್ರಿ ನಿಲ್ಲಿಸಬೇಕೆಂದು ಪ್ರತಿ ಸೋಮವಾರ ತಿಳಿಯಬೇಕು’ ಎಂದರೆ ಸಾಗುತ್ತದೆ. ಆ ತೀರ್ಮಾನಕ್ಕೆ ಬೇಕಾದ ಪದಗಳ ಅರ್ಥವನ್ನು, ವಾಪಸು ಬಂದ ಸರಕನ್ನು ಯಾವ ತಿಂಗಳಲ್ಲಿ ಕಳೆಯಬೇಕೆಂಬುದನ್ನೂ ಸೇರಿಸಿ, ಒಂದೇ ಪುಟದಲ್ಲಿ ಬರೆದು ವಿಭಾಗದ ಮುಖ್ಯಸ್ಥರೆಲ್ಲರ ಸಹಿ ಪಡೆಯಿರಿ.

ಹೆಚ್ಚು ಸಮಯ ಬೇಡುವುದು ಗ್ರಾಹಕರ ಪಟ್ಟಿ. ಒಂದೇ ಹೋಟೆಲಿನ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ದಾಖಲಾಗಿರುವುದು ಸಾಮಾನ್ಯವಾದ್ದರಿಂದ, ಹೆಸರಿಗಿಂತ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯನ್ನು ನೆಚ್ಚುವುದು ಮೇಲು. ಅದರ ಮೊದಲ ಎರಡು ಅಂಕೆಗಳು ರಾಜ್ಯದ ಸಂಕೇತ: ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30. ನಂತರದ 10 ಮಾಲೀಕರ ಪ್ಯಾನ್ (ಆದಾಯ ತೆರಿಗೆಯ ಗುರುತಿನ) ಸಂಖ್ಯೆಯಾಗಿರುವುದರಿಂದ ಮುಂಬಯಿಯಲ್ಲೂ ಪಣಜಿಯಲ್ಲೂ ಹೋಟೆಲಿರುವ ಒಬ್ಬ ಮಾಲೀಕರ ಒಟ್ಟು ಬಾಕಿಯನ್ನು ಒಂದೆಡೆ ಕಾಣಬಹುದು. ಆದರೆ ಒಂದೇ ರಾಜ್ಯದಲ್ಲಿರುವ ಅವರ ದಾದರ್ ಮತ್ತು ಪುಣೆಯ ಶಾಖೆಗಳು ಒಂದೇ ಜಿಎಸ್‌ಟಿ ಸಂಖ್ಯೆಯಲ್ಲಿರಬಹುದು. ಶಾಖೆಗೆ ಪ್ರತ್ಯೇಕ ಸಂಕೇತ ಕೊಡದಿದ್ದರೆ ಯಾವ ಅಡುಗೆಮನೆ ಎಷ್ಟು ಅಕ್ಕಿ ತರಿಸಿತೆಂದು ತಿಳಿಯುವುದಿಲ್ಲ.

ತಂತ್ರಾಂಶದ ಆಯ್ಕೆ ಇದೆಲ್ಲ ಆದ ಮೇಲಿನ ಮಾತು, ನನ್ನ ಅನುಭವದಲ್ಲಿ ಅಷ್ಟೇನೂ ಕಷ್ಟದ್ದಲ್ಲ. ಯೋಜನೆಯ ಒಡೆತನವನ್ನು ಮಾತ್ರ ಕಂಪ್ಯೂಟರ್ ವಿಭಾಗಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಡಿ. ಉದ್ರಿ ವಸೂಲಿಗೆ ಉತ್ತರಿಸಬೇಕಾದವರೇ ಅದರ ಒಡೆಯರಾಗಿರಲಿ. ಮೊದಲ ವರದಿಯನ್ನು ಒಂದೇ ವಿಭಾಗಕ್ಕೆ ಕೊಟ್ಟು, ಎರಡು ಮೂರು ತಿಂಗಳು ಲೆಕ್ಕಪತ್ರದ ಮುಕ್ತಾಯದ ಮೊತ್ತದೊಡನೆ ರೂಪಾಯಿ ರೂಪಾಯಿಗೂ ತಾಳೆ ನೋಡಿ. ತಾಳೆಯಾದ ಬಳಿಕ ಹಳೆಯ ಎಕ್ಸೆಲ್ ಹಾಳೆಯನ್ನು ಸಭೆಗೆ ತರುವುದನ್ನು ಮೇಲಧಿಕಾರಿಗಳೇ ನಿಲ್ಲಿಸಬೇಕು; ಅವರೇ ಅದನ್ನು ಕೇಳುತ್ತಿದ್ದರೆ ಕೆಳಗಿನವರು ಹೊಸ ವರದಿಯನ್ನು ತೆರೆದೂ ನೋಡುವುದಿಲ್ಲ.