ಥೈರಾಯ್ಡ್ ರಿಪೋರ್ಟ್ ನಾನು ಓದುವ ಕ್ರಮ

ಮಂಡ್ಯದ ನನ್ನ ಕ್ಲಿನಿಕ್‌ಗೆ ಥೈರಾಯ್ಡ್ ರಿಪೋರ್ಟ್ ಹಿಡಿದು ಬರುವವರ ಕಣ್ಣೆಲ್ಲ ಟಿಎಸ್‌ಎಚ್ ಮೇಲೆ. ಪಕ್ಕದಲ್ಲಿ ಫ್ರೀ ಟಿ4, ಅಂದರೆ ಥೈರಾಯ್ಡ್ ಮಾಡುವ ಥೈರಾಕ್ಸಿನ್ (ಟಿ4) ಹಾರ್ಮೋನಿನ ಬಿಡಿಯಾಗಿರುವ ಪಾಲು, ಇಲ್ಲದಿದ್ದರೆ ನಾನು ಹೊಸದಾಗಿ ಮಾತ್ರೆ ಬರೆಯುವುದಿಲ್ಲ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯದ್ದೇ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅದಕ್ಕೆ ಕಳಿಸುವ ತಾಕೀತು. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಹತ್ತಾರು ಪಟ್ಟು ಏರಬಲ್ಲದು. ಹಾಗಾಗಿ ಟಿಎಸ್‌ಎಚ್ 4 ಇದ್ದದ್ದು 8 ಆಯಿತೆಂದರೆ ಥೈರಾಯ್ಡ್ ಸೊರಗುವ ಕಾಯಿಲೆ (ಹೈಪೋಥೈರಾಯ್ಡಿಸಂ) ದುಪ್ಪಟ್ಟಾಯಿತು ಎಂದಲ್ಲ. ಟಿಎಸ್‌ಎಚ್ ಏರಿದ್ದರೂ 10ರೊಳಗಿದ್ದು ಫ್ರೀ ಟಿ4 ಸರಿಯಿದ್ದರೆ, ಗರ್ಭಿಣಿಯಲ್ಲದವರಿಗೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತೇನೆ.

ಟಿಎಸ್‌ಎಚ್ ನಾರ್ಮಲ್, ಫ್ರೀ ಟಿ4 ಮಾತ್ರ ಕಡಿಮೆ ಎಂದು ಬಂದರೆ ಅನುಮಾನ ಪಿಟ್ಯುಟರಿ ಮೇಲೆ. ಆಗ ಪಿಟ್ಯುಟರಿಯ ತಾಕೀತಿನಿಂದಲೇ ಅಡ್ರಿನಲ್ ಗ್ರಂಥಿ ಮಾಡುವ ಕಾರ್ಟಿಸಾಲ್ ಹಾರ್ಮೋನನ್ನು ಬೆಳಗ್ಗೆ ಅಳೆದು ನೋಡದೆ ಥೈರಾಕ್ಸಿನ್ ಮಾತ್ರೆ ಕೊಡಬಾರದು. ಕಾರ್ಟಿಸಾಲ್ ಕೊರತೆಯಿರುವವರಿಗೆ ಮೊದಲು ಥೈರಾಕ್ಸಿನ್ ಕೊಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

‘ಟಿ3 ಸರಿಯಿದೆಯಲ್ಲ ಸಾರ್’ ಎನ್ನುವುದು ಮಾಮೂಲು. ಥೈರಾಯ್ಡ್‌ನ ಇನ್ನೊಂದು ಹಾರ್ಮೋನಾದ ಈ ಟಿ3 ಇಳಿಯುವುದು ಕೊನೆಗೆ. ಟಿ4 ಕಮ್ಮಿಯಾದಷ್ಟೂ ದೇಹ ಅದರಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ. ಈ ಕಾಯಿಲೆಗೆ ಟಿ3 ಪರೀಕ್ಷೆ ಬಹುಪಾಲು ದುಡ್ಡು ದಂಡ.

ಥೈರಾಯ್ಡ್ ಸೊರಗಿದರೆ ಬೇರೆ ಲೆಕ್ಕಗಳೂ ತಪ್ಪುತ್ತವೆ. ಟಿಎಸ್‌ಎಚ್ ಏರಿಸುವ, ಮೆದುಳಿನಿಂದ ಬರುವ ಟಿಆರ್‌ಎಚ್ ಹಾರ್ಮೋನ್ ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ನನ್ನೂ ಏರಿಸುವುದರಿಂದ ಮುಟ್ಟು ಏರುಪೇರಾಗುತ್ತದೆ. ಲಿವರ್ ರಕ್ತದಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಎಳೆದುಕೊಳ್ಳುವುದು ನಿಧಾನವಾಗಿ ಕೊಲೆಸ್ಟರಾಲ್ ಹೆಚ್ಚುತ್ತದೆ. ಇಂಥವರಿಗೆ ಥೈರಾಯ್ಡ್ ಸರಿಪಡಿಸುವ ಮೊದಲೇ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟರೆ ಮಾಂಸಖಂಡದ ನೋವು ಗಂಟುಬೀಳುವುದೇ ಹೆಚ್ಚು.

ರಕ್ತ ಕೊಡುವುದು ಬೆಳಗ್ಗೆ, ಸಾಧ್ಯವಾದರೆ ಪ್ರತಿಸಲವೂ ಅದೇ ಹೊತ್ತಿಗೆ. ಮಧ್ಯಾಹ್ನ ಟಿಎಸ್‌ಎಚ್ ತುಸು ಇಳಿದಿರುತ್ತದೆ. ಉಪವಾಸ ಬೇಡ, ಆದರೆ ಆ ದಿನದ ಥೈರಾಕ್ಸಿನ್ ಮಾತ್ರೆ ರಕ್ತ ಕೊಟ್ಟ ಮೇಲೆ. ನುಂಗಿ ಹೋದರೆ ಕೆಲವು ಗಂಟೆ ಫ್ರೀ ಟಿ4 ಹುಸಿಯಾಗಿ ಮೇಲಿರುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಇನ್ನೂ ಕಿಲಾಡಿ: ಕೆಲವು ಲ್ಯಾಬ್ ಯಂತ್ರಗಳಲ್ಲಿ ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಎಂದು ತೋರಿಸುತ್ತದೆ. ಅದನ್ನು ಎರಡು ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತೇನೆ.

ಗ್ರಂಥಿ ಪೂರ್ತಿ ಕೈಕೊಟ್ಟಿದ್ದರೆ ಥೈರಾಕ್ಸಿನ್ ಲೆಕ್ಕ ದಿನಕ್ಕೆ, ಮೈತೂಕದ ಕಿಲೋಗೆ 1.6 ಮೈಕ್ರೋಗ್ರಾಂ; 60 ಕಿಲೋದವರಿಗೆ ಸುಮಾರು 100. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ 12.5 ಅಥವಾ 25ರಿಂದ ಶುರು. ಬರಿ ಹೊಟ್ಟೆಗೆ, ನೀರಲ್ಲಿ. ಆಮೇಲೆ ಮುಕ್ಕಾಲು ಗಂಟೆಯಾದರೂ ಫಿಲ್ಟರ್ ಕಾಫಿ ಮುಟ್ಟಬಾರದು. ನಮ್ಮ ಕಡೆ ಎಡವುವುದೇ ಇಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ.

ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಡೋಸ್ ಬದಲಿಸಿ ಆರರಿಂದ ಎಂಟು ವಾರ ಕಾಯದೆ ಮತ್ತೆ ಪರೀಕ್ಷಿಸಿದರೆ ಅರ್ಧ ಬೆಂದ ಉತ್ತರ ಸಿಗುತ್ತದೆ. ಮಾತ್ರೆಯಲ್ಲಿರುವವರ ಟಿಎಸ್‌ಎಚ್ 20, ಫ್ರೀ ಟಿ4 ಮಾತ್ರ ಚೆನ್ನಾಗಿದೆ ಎಂದರೆ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಮಾತ್ರೆ ನುಂಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ಬಾಟಲಿ ತರಲು ಹೇಳುತ್ತೇನೆ. 100 ಮಾತ್ರೆಯದು, ದಿನಕ್ಕೊಂದರಂತೆ ಎಂಟು ವಾರಕ್ಕೆ 44 ಉಳಿಯಬೇಕು. 70 ಉಳಿದಿದ್ದರೆ ಡೋಸ್ ಬದಲಿಸುವುದಿಲ್ಲ.