ಕಾಲಡಿಯ ಮಾಸ್ಟರ್ ಸಿಲಿಂಡರಿಗೆ ಬ್ರೇಕ್ ಆಯಿಲ್ ಹಾಕುವುದು ಹೇಗೆ?

ಬ್ರೇಕ್ ಪೆಡಲ್ ನೆಲದ ತಗಡನ್ನು ತೂರಿಕೊಂಡು ಕೆಳಗಿನಿಂದ ಮೇಲೆ ಬಂದಿದ್ದರೆ ಆ ಗಾಡಿಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಇರುವುದು ಬಾನೆಟ್ಟಿನೊಳಗಲ್ಲ, ಡ್ರೈವರನ ಕಾಲಡಿಯಲ್ಲಿ. ವಿಲ್ಲೀಸ್ ಮಾದರಿಯ ಹಳೆಯ ಮಹೀಂದ್ರ ಜೀಪು, ಮೊರಿಸ್ ಮೈನರ್, ಮೊದಮೊದಲ ಅಂಬಾಸಡರ್ ಎಲ್ಲ ಇದೇ ಜಾತಿ. ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಇನ್ನೂ ಓಡುತ್ತಿರುವ ಇಂಥ ಜೀಪುಗಳಿಗೆ ಆಯಿಲ್ ಹಾಕುವಾಗ ಪದೇ ಪದೇ ಆಗುವ ತಪ್ಪು ಒಂದೇ. ಆಯಿಲ್ ಜೊತೆಗೆ ಮಣ್ಣೂ ಒಳಗೆ ಹೋಗುತ್ತದೆ. ಆಯಿಲ್ ತುಸು ಕಡಿಮೆಯಿದ್ದರೂ ಬ್ರೇಕ್ ಹಿಡಿಯುತ್ತದೆ. ಆದರೆ ಒಂದು ಮರಳಿನ ಕಣ ಸಿಲಿಂಡರಿನೊಳಗಿನ ರಬ್ಬರ್ ಕಪ್ ವಾಷರಿನ ಅಂಚನ್ನು ಗೀರಿದರೆ, ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗೆ ಇಳಿಯತೊಡಗುತ್ತದೆ.

ಮೊದಲು ಡಬ್ಬಿಯ ವಿಷಯ. ನಾವೆಲ್ಲ ‘ಬ್ರೇಕ್ ಆಯಿಲ್’ ಎನ್ನುತ್ತೇವೆ, ನಿಜಕ್ಕೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್, ಸೀಮೆಎಣ್ಣೆ ಇವುಗಳಲ್ಲಿ ಯಾವುದೇ ಒಂದು ಸ್ವಲ್ಪ ಬೆರೆತರೂ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಜಾಮ್ ಆಗುತ್ತದೆ. ಆಮೇಲೆ ತೊಳೆದರೆ ಸಾಲದು, ಮಾಸ್ಟರ್ ಸಿಲಿಂಡರಿನದೂ ನಾಲ್ಕೂ ಚಕ್ರದ ಬ್ರೇಕಿನದೂ ರಬ್ಬರ್ ಬದಲಿಸಬೇಕು. ಡಬ್ಬಿಯ ಮೇಲೆ ಡಾಟ್ (DOT) 3 ಅಥವಾ ಡಾಟ್ 4 ಎಂಬ ದರ್ಜೆ ಬರೆದಿದ್ದನ್ನು ತನ್ನಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಡಾಟ್ 4 ಒಳ್ಳೆಯದು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಅಡಿಕೆ ಮೂಟೆ ಹೇರಿಕೊಂಡು ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಡ್ರಮ್ಮಿನ ಕಾವು ಆಯಿಲ್‌ಗೆ ಏರುತ್ತದೆ. ಅದರಲ್ಲಿರುವ ನೀರು ಆವಿಯಾದರೆ ಪೆಡಲ್ ಒಮ್ಮೆಲೇ ಮೆತ್ತಗಾಗುತ್ತದೆ.

ಆದ್ದರಿಂದ 250 ಮಿ.ಲೀ.ನ ಸಣ್ಣ ಡಬ್ಬಿಯನ್ನೇ ಕೊಳ್ಳಿ. ಕಾರವಾರದ ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿ ಕೂತಿದ್ದ ಒಂದು ಲೀಟರ್ ಡಬ್ಬಿಯ ಉಳಿಕೆ ಯಾವ ಗಾಡಿಗೂ ಬೇಡ. ಡಾಟ್ 5 ಎಂಬುದು ಸಿಲಿಕೋನ್, ಡಾಟ್ 3 ಅಥವಾ 4ರೊಂದಿಗೆ ಅದನ್ನು ಬೆರೆಸಲೇಬಾರದು. ಡಾಟ್ 5.1 ಬೇರೆ, ಅದು ಸಿಲಿಕೋನ್ ಅಲ್ಲ. ಅಂಕಿ ಹತ್ತಿರವಿರುವುದರಿಂದ ಅಂಗಡಿಯಲ್ಲೇ ಅದಲುಬದಲಾಗುತ್ತದೆ, ಡಬ್ಬಿಯ ಮೇಲೆ ಬರೆದಿದ್ದನ್ನು ನೀವೇ ಓದಿ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮ್ಯಾಟ್ ತೆಗೆಯಿರಿ. ಅಂಗಳ ಇಳಿಜಾರಾಗಿದ್ದರೆ ಆಯಿಲ್ ಮಟ್ಟ ಸುಳ್ಳು ಹೇಳುತ್ತದೆ.

ಪೆಡಲ್ ಬಳಿ ನೆಲದಲ್ಲಿ ಸ್ಕ್ರೂ ಹಾಕಿದ ಸಣ್ಣ ತಗಡೋ ರಬ್ಬರ್ ಬಿರಡೆಯೋ ಇರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಆ ಸ್ಕ್ರೂ ತುಕ್ಕು ಹಿಡಿದು ಕೂತಿರುವುದೇ ಹೆಚ್ಚು. ಅವಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬಹುದು, ಆದರೆ ಕೆಳಗಿರುವ ಸಿಲಿಂಡರಿನ ಬಿರಡೆಗೆ ಒಂದು ಹನಿಯೂ ತಾಗಕೂಡದು, ಅದೂ ಎಣ್ಣೆಯೇ. ಮರಳಿ ಹಾಕುವಾಗ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದರೆ ಮುಂದಿನ ವರ್ಷ ಈ ಗೋಳಿಲ್ಲ.

ಇನ್ನು ನಿಧಾನಿಸಬೇಕಾದ ಜಾಗ. ತಗಡು ತೆಗೆದಾಗ ಮೊದಲು ಕಾಣುವುದು ಸಿಲಿಂಡರ್ ಅಲ್ಲ, ಕೆಸರು, ಧೂಳು, ಹಳೆಯ ಗ್ರೀಸ್ ಸೇರಿ ಗಟ್ಟಿಯಾದ ಕಪ್ಪು ಹೊದಿಕೆ. ಇದನ್ನು ಬಿಡಿಸದೆ ಬಿರಡೆಗೆ ಪಾನಾ ಹಾಕಬೇಡಿ. ಒಣ ಬ್ರಷ್‌ನಿಂದ ಕೆರೆದು, ಉದುರಿದ್ದನ್ನು ಬಟ್ಟೆಯಲ್ಲಿ ಎತ್ತಿ ಹೊರಗೆ ಹಾಕಿ. ಊದಬೇಡಿ, ನೆಲದ ಮಡಿಕೆಗಳಲ್ಲಿ ಕೂತಿದ್ದ ಧೂಳು ಎದ್ದು ಮತ್ತೆ ಅಲ್ಲೇ ಬೀಳುತ್ತದೆ. ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಬಿರಡೆಯ ಸುತ್ತ ಉಜ್ಜಿ. ಬಿರಡೆ ಮತ್ತು ಸಿಲಿಂಡರ್ ಕೂಡುವ ಗೆರೆ ಸುತ್ತಲೂ ಸ್ಪಷ್ಟವಾಗಿ ಕಾಣಬೇಕು. ಪೆಟ್ರೋಲ್, ಡೀಸೆಲ್ ಬೇಡ. ಕೊನೆಗೆ, ನಡುವೆ ತೂತು ಕತ್ತರಿಸಿದ ಬಟ್ಟೆಯೊಂದನ್ನು ಬಿರಡೆಯ ಸುತ್ತ ಹಾಸಿ. ನೆಲದ ತೂತಿನ ಅಂಚಿನಿಂದ ಉದುರುವ ತುಕ್ಕಿನ ಚೂರನ್ನು ಹಿಡಿಯುವುದು ಈ ಬಟ್ಟೆಯೇ.

ಬಿರಡೆಗೆ ಸರಿಯಾಗಿ ಕೂರುವ ರಿಂಗ್ ಪಾನಾವೋ ಸಾಕೆಟ್ಟೋ ಹಾಕಿ. ಇಕ್ಕಳದಿಂದ ತಿರುಗಿಸಿ ಮೂಲೆ ಸವೆಸಿಟ್ಟ ಬಿರಡೆಗಳನ್ನು ಕೊನೆಗೆ ಉಳಿಯಿಂದ ಹೊಡೆದು ತೆಗೆಯಬೇಕಾಗುತ್ತದೆ, ಆಗ ಲೋಹದ ಚೂರು ಒಳಗೆ ಬೀಳದೆ ಇರುವುದಿಲ್ಲ.

ಮಟ್ಟ ನೋಡಲು ಟಾರ್ಚ್ ಸಾಲದು. ಬಗ್ಗಿ ನೋಡಿದರೆ ನಿಮ್ಮ ತಲೆಯ ನೆರಳೇ ತೂತನ್ನು ಮುಚ್ಚುತ್ತದೆ. ಹೊಸ ಸೈಕಲ್ ಕಡ್ಡಿಯೊಂದಕ್ಕೆ ತುದಿಯಿಂದ 12 ಮಿ.ಮೀ. ಮೇಲೆ ಅರದಿಂದ ಗೀರು ಹಾಕಿ, ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಗೀರು ತೂತಿನ ಬಾಯಿಗೆ ಸಮನಾದಾಗ ತುದಿ ಆಯಿಲ್‌ಗೆ ತಾಗಿದರೆ ಸಾಕು, ಅರ್ಧ ಇಂಚು ಖಾಲಿ ಇರಲೇಬೇಕು. ಅಂಚಿನವರೆಗೆ ತುಂಬಿದರೆ ಕಾವಿಗೆ ಹಿಗ್ಗಿ ಗಾಳಿತೂತಿನಿಂದ ಹೊರಗೆ ಒಸರುತ್ತದೆ.

ಹಾಕುವುದಕ್ಕೆ ಫನೆಲ್ ಬೇಡ, ಪೆಡಲ್‌ಗಳ ನಡುವೆ ಅದು ಓರೆಯಾಗಿ ಚೆಲ್ಲುತ್ತದೆ. ಮೆಡಿಕಲ್ ಅಂಗಡಿಯ 50 ಮಿ.ಲೀ. ಸಿರಿಂಜ್, ಅದರ ಮೂತಿಗೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪಿನ ಒಂದಡಿ ತುಂಡು. ಎರಡೂ ಹೊಸದಿರಲಿ. ಬೇಕಾದಷ್ಟು ಆಯಿಲನ್ನು ಒಣಗಿದ ಸ್ಟೀಲ್ ಲೋಟಕ್ಕೆ ಸುರಿದುಕೊಂಡು ಅದರಿಂದ ಎಳೆಯಿರಿ, ಡಬ್ಬಿಯ ಬಾಯಿಗೆ ಪೈಪ್ ಇಳಿಸಬೇಡಿ. ಒಮ್ಮೆಗೆ 5 ಮಿ.ಲೀ. ಮಾತ್ರ ಬಿಟ್ಟು ಕಡ್ಡಿಯಿಂದ ನೋಡುತ್ತ ಹೋಗಿ. ಹೆಚ್ಚಾದರೆ ಅದೇ ಸಿರಿಂಜಿನಿಂದ ಎಳೆದು ತೆಗೆಯಬಹುದು. ಲೋಟದಲ್ಲಿ ಉಳಿದದ್ದನ್ನು ಡಬ್ಬಿಗೆ ಮರಳಿ ಸುರಿಯಬೇಡಿ. ಚೇಸಿಸ್ ಮೇಲೆ ಚೆಲ್ಲಿದರೆ, ಮೊದಲು ಬಿರಡೆ ಮುಚ್ಚಿ, ಆಮೇಲೆ ಕೂಡಲೇ ನೀರು ಹೊಯ್ದು ತೊಳೆಯಿರಿ. ಬರೀ ಒರೆಸಿದರೆ ಪೇಂಟ್ ಏಳುತ್ತದೆ, ಅಲ್ಲಿಂದಲೇ ತುಕ್ಕು ಶುರು.

ಬಿರಡೆ ಹಾಕುವ ಮುಂಚೆ ಇನ್ನೊಂದು ಪರೀಕ್ಷೆ. ತೂತಿನ ಮೇಲೆ ಬಟ್ಟೆ ಸಡಿಲವಾಗಿ ಹಿಡಿದು, ಮುಖ ದೂರವಿಟ್ಟು, ಇನ್ನೊಬ್ಬರಿಂದ ಪೆಡಲನ್ನು ಒಂದಿಂಚು ಮೆಲ್ಲಗೆ ಒತ್ತಿಸಿ. ಒಳಗೆ ಸಣ್ಣ ಬುಗ್ಗೆ ಎದ್ದರೆ ಆಯಿಲ್ ಹಿಂದಿರುಗುವ ಸೂಜಿತೂತು ತೆರೆದಿದೆ ಎಂದರ್ಥ. ಏಳದಿದ್ದರೆ ಪೆಡಲ್‌ಗೆ ಆಟ (ಬ್ರೇಕ್ ಹಿಡಿಯುವ ಮುಂಚಿನ ಸಡಿಲ) ಸಾಲದೆ ಕಪ್ ಆ ತೂತನ್ನು ಮುಚ್ಚಿಕೊಂಡಿರಬಹುದು, ಕಸವೂ ಕಟ್ಟಿರಬಹುದು. ಅಂಥ ಗಾಡಿಯ ಬ್ರೇಕ್ ಓಡುತ್ತ ಓಡುತ್ತ ತಾನೇ ಹಿಡಿದುಕೊಳ್ಳುತ್ತದೆ. ಬುಗ್ಗೆ ಕಣ್ಣಿಗೆ ಚಿಮ್ಮಿದರೆ ತುಂಬ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಬಿರಡೆಯ ಗಾಳಿತೂತನ್ನು ಸಣ್ಣ ತಂತಿಯಿಂದ ಬಿಡಿಸಿ, ವಾಷರ್ ನೋಡಿ ಮುಚ್ಚಿ.

ಈ ಕಷ್ಟವೇ ಬೇಡವೆಂದು ಕೆಲವರು ಬಾನೆಟ್ಟಿನೊಳಗೆ ಪ್ಲಾಸ್ಟಿಕ್ ಬಾಟಲಿ ಕೂರಿಸಿ ಅಲ್ಲಿಂದ ಸಿಲಿಂಡರಿಗೆ ಪೈಪ್ ಎಳೆಯುತ್ತಾರೆ. ಉಪಾಯ ಒಳ್ಳೆಯದೇ, ಆದರೆ ಕೈಗೆ ಸಿಕ್ಕ ಪೆಟ್ರೋಲ್ ಪೈಪನ್ನೇ ಹಾಕಿಬಿಡುತ್ತಾರೆ. ಆ ರಬ್ಬರ್ ಬ್ರೇಕ್ ಆಯಿಲ್‌ಗೆ ತಾಳುವುದಿಲ್ಲ, ಮೆತ್ತಗಾಗಿ ಕರಿ ಕೆಸರು ಬಿಡುತ್ತದೆ. ಬ್ರೇಕ್ ಆಯಿಲ್‌ಗೆಂದೇ ಮಾಡಿದ ಪೈಪ್ ಸಿಗದಿದ್ದರೆ ಕಾಲಡಿಯ ಬಿರಡೆಯೇ ಇರಲಿ.

ಆಯಿಲ್ ಹಾಕಿದ ಮೇಲೂ ಪೆಡಲ್ ಸ್ಪಂಜಿನಂತಿದ್ದರೆ ಒಳಗೆ ಗಾಳಿಯಿದೆ, ಏರ್ ತೆಗೆಯಿಸಿ. ತಿಂಗಳಲ್ಲೇ ಮಟ್ಟ ಇಳಿದರೆ ಮತ್ತೆ ತುಂಬಿಸುತ್ತ ಕೂರಬೇಡಿ, ಎಲ್ಲೋ ಸೋರುತ್ತಿದೆ. ಚಕ್ರಗಳ ಒಳಮಗ್ಗುಲು, ಸಿಲಿಂಡರಿನ ಹಿಂಬದಿಯ ರಬ್ಬರ್ ಟೊಪ್ಪಿ, ಬ್ರೇಕ್ ಲೈಟಿನ ಸ್ವಿಚ್, ಈ ಮೂರು ಕಡೆ ಬೆರಳಾಡಿಸಿ ನೋಡಿ. ಸ್ವಿಚ್ ಸೋರುತ್ತಿದ್ದರೆ ವಯರಿನ ತುದಿ ಒದ್ದೆಯಾಗಿರುತ್ತದೆ.